ಎರಡು ಶೋರೂಮು, ಒಬ್ಬ ಮೀಟರ್ ಮಾವ

ನಮ್ಮ ಮಾವನವರ ಕೈಗೆ ಹಾಲಿನ ಲೋಟ ಕೊಟ್ಟರೆ ಮೊದಲು ಮೂಸಿ ನೋಡ್ತಾರೆ. ಪ್ಯಾಕೆಟ್ಟು ತಂದವರು ಅವರೇ, ಕಾಯಿಸಿದ್ದು ಅವರ ಕಣ್ಣೆದುರಿಗೇ. ಆದರೂ ಮೂಸಬೇಕು. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಮೈಯೆಲ್ಲ ಉರಿದುಹೋಗ್ತಿತ್ತು. ಸೊಸೆ ಏನು ವಿಷ ಬೆರೆಸ್ತಾಳಾ ಅಂತ ಗಂಡನ ಹತ್ತಿರ ಗೊಣಗಿದೆ. ನಿನ್ನೊಬ್ಬಳದ್ದೇ ಅಲ್ಲ ಮಾರಾಯ್ತಿ, ಅಮ್ಮ ಬದುಕಿರೋವರೆಗೂ ಅವಳು ಕೊಟ್ಟದ್ದನ್ನೂ ಮೂಸಿಯೇ ಕುಡೀತಿದ್ದರು ಅಂದರು. ಅದು ಸಮಾಧಾನದ ಮಾತೋ ಎಚ್ಚರಿಕೆಯ ಮಾತೋ ನನಗೆ ಗೊತ್ತಾಗಲಿಲ್ಲ.

ಮಾವ ಮನೆಮನೆಗೆ ಹೋಗಿ ಕರೆಂಟಿನ ಮೀಟರ್ ಓದುವ ಕೆಲಸದಲ್ಲಿದ್ದವರು. ಬೀದಿಯವರು ಈಗಲೂ ಮೀಟರ್ ಮಾವ ಅಂತಲೇ ಕರೆಯೋದು. ಮೆಟ್ಟಿಲ ಕೆಳಗಿನ ಕತ್ತಲೆಯಲ್ಲಿ, ಜೇಡರ ಬಲೆ ಸರಿಸಿ, ಟಾರ್ಚ್ ಹಿಡಿದು ನಿಂತು ನಿಂತೇ ಅವರ ಕೂದಲು ಬೆಳ್ಳಗಾಯಿತು. ಮೀಟರಿಗೆ ಆಯಸ್ಕಾಂತ ಅಂಟಿಸಿದವರು, ಕಂಬದಿಂದ ಕದ್ದು ವೈರು ಎಳೆದವರು, ಬೇಕಂತಲೇ ಮೀಟರ್ ಪಕ್ಕ ಕಚ್ಚೋ ನಾಯಿ ಕಟ್ಟಿದವರು, ಎಲ್ಲರನ್ನೂ ಕಂಡಿದ್ದಾರೆ. ಆ ಕೆಲಸದಿಂದ ಅವರು ಒಂದು ನಿಯಮ ಕಲಿತರು, ನಮಗೂ ಸಾವಿರ ಸಲ ಹೇಳಿದ್ದಾರೆ: ಇವತ್ತು ಬೇಡ, ಇನ್ನೊಂದು ದಿನ ಬನ್ನಿ ಅಂತ ಯಾವ ಮನೆಯವರು ಹೇಳ್ತಾರೋ ಆ ಮನೆಗೆ ಅವತ್ತೇ ಹೋಗಬೇಕು. ಕೆಲಸ ಬಿಟ್ಟರೂ ಬುದ್ಧಿ ಬಿಡಬೇಕಲ್ಲ. ಬಾಗಿಲಿಗೆ ಬೀಗ ಹಾಕಿ ಬಂದೆ ಅಂದರೆ ಎದ್ದುಹೋಗಿ ಜಗ್ಗಿ ನೋಡ್ತಾರೆ. ತರಕಾರಿಯವನ ತಕ್ಕಡಿ, ಔಷಧಿ ಅಂಗಡಿಯ ತಾರೀಕು, ಟಿವಿಯವರು ಹೇಳೋ ಹವಾಮಾನ, ಯಾವುದರ ಮೇಲೂ ನಂಬಿಕೆ ಇಲ್ಲ.

ಇಂಥವರ ಮನೆಯಲ್ಲಿ ನಾವಿಬ್ಬರು ಎಂಥ ಕೆಲಸ ಹಿಡಿದಿದ್ದೇವೆ ನೋಡಿ. ನಾನು ಮಾರೋದು ಬರೀ ಕರೆಂಟಿನ ಮೇಲೆ ಓಡೋ ಕಾರು. ನನ್ನ ಗಂಡ ಮಾರೋದು ಪ್ಲಗ್-ಇನ್ ಹೈಬ್ರಿಡ್. ಅಂದರೆ ಅದಕ್ಕೆ ಬ್ಯಾಟರಿಯೂ ಇರುತ್ತೆ, ಪೆಟ್ರೋಲ್ ಎಂಜಿನ್ನೂ ಇರುತ್ತೆ. ಪ್ಲಗ್ ಹಾಕಿ ಚಾರ್ಜ್ ಮಾಡಿಕೊಂಡಷ್ಟು ದೂರ ಕರೆಂಟು, ಅದು ಖಾಲಿಯಾದ ಮೇಲೆ ಪೆಟ್ರೋಲು. ಇಬ್ಬರೂ ಮೊದಲು ಒಂದೇ ಹಳೇ ಶೋರೂಮಿನಲ್ಲಿದ್ದವರು, ಒಬ್ಬರನ್ನೊಬ್ಬರು ಕಂಡದ್ದೇ ಅಲ್ಲಿ. ಅದು ಬಾಗಿಲು ಹಾಕಿದಾಗ ಯಾರಿಗೆ ಎಲ್ಲಿ ಸಿಕ್ಕಿತೋ ಅಲ್ಲಿ ಸೇರಿಕೊಂಡೆವು. ನಮ್ಮ ಹಣೆಬರಹಕ್ಕೆ ಆ ಎರಡೂ ಶೋರೂಮು ಒಂದೇ ರಸ್ತೆಯಲ್ಲಿ ಎದುರುಬದುರು. ನನ್ನ ಮೇಜಿನಿಂದ ತಲೆ ಎತ್ತಿದರೆ ಎರಡು ಗಾಜಿನ ಗೋಡೆ ದಾಟಿ ಗಂಡನ ಟೈ ಕಾಣುತ್ತೆ.

ಎರಡೂ ಕಂಪನಿಗಳಿಗೆ ಹಾವು ಮುಂಗುಸಿಯ ಸಂಬಂಧ. ಬಂಕಿನ ಮುಂದೆ ಕಾದದ್ದು ಸಾಕು ಅಂತ ನಮ್ಮವರು ಬ್ಯಾನರ್ ಕಟ್ಟಿದರೆ, ಚಾರ್ಜರ್ ಮುಂದೆ ಕಾದದ್ದೂ ಸಾಕು ಅಂತ ಮಾರನೇ ದಿನ ಅವರು ಕಟ್ಟಿದರು. ಮನೆಯಲ್ಲೂ ಅದೇ ಕಥೆ. ನಿಮ್ಮದು ಎರಡು ದೋಣಿಯ ಮೇಲೆ ಕಾಲಿಟ್ಟ ಕಾರು, ಶುದ್ಧ ಮೋಸ ಅಂತ ನಾನು. ನಿಮ್ಮದು ನಡುದಾರಿಯಲ್ಲಿ ಕೈ ಕೊಡೋ ಕಾರು, ಅದಕ್ಕಿಂತ ದೊಡ್ಡ ಮೋಸ ಅಂತ ಅವರು. ಮಾವ ಊಟ ಮಾಡ್ತಾ ಒಮ್ಮೆ ನನ್ನ ಮುಖ, ಒಮ್ಮೆ ಮಗನ ಮುಖ ನೋಡ್ತಿದ್ದರು. ಕೊನೆಗೆ ಜಗಳ ಅತಿಯಾಗಿ, ಕಾರಿನ ಮಾತನ್ನು ಚಪ್ಪಲಿ ಜೊತೆ ಹೊರಗೇ ಬಿಟ್ಟು ಬರೋದು ಅಂತ ಗಂಡ ಹೆಂಡತಿ ಒಪ್ಪಂದ ಮಾಡಿಕೊಂಡೆವು. ನಾವು ತೆಪ್ಪಗಾದದ್ದು ಮಾವನಿಗೆ ಇನ್ನೂ ಅನುಮಾನ ತರಿಸಿತು ಅಂತ ಆಗ ನನಗೆ ಹೊಳೆಯಲಿಲ್ಲ.

ಆಮೇಲೆ ಗಿರಾಕಿಗಳು ಸೋರಿಹೋಗೋಕೆ ಶುರುವಾಯಿತು. ನಮ್ಮ ಕಾರು ಓಡಿಸಿ ನೋಡಿ, ಬಣ್ಣ ಆರಿಸಿ, ಮನೆಯವರನ್ನು ಕರೆದುಕೊಂಡು ನಾಳೆ ಬರ್ತೀವಿ ಅಂತ ಹೋದವರು ನಾಳೆ ಎದುರಿನ ಶೋರೂಮಿನಲ್ಲಿ ಟೀ ಕುಡೀತಾ ಕೂತಿರ್ತಿದ್ದರು. ಗಾಜಿನಿಂದ ನಮಗೆ ಚೆನ್ನಾಗಿ ಕಾಣ್ತಿತ್ತು, ಹೊಟ್ಟೆ ಉರಿಯೋಕೆ ಅಷ್ಟು ಸಾಕಲ್ಲ. ನಮ್ಮ ಮ್ಯಾನೇಜರ್ ಒಬ್ಬೊಬ್ಬರಿಗೂ ಫೋನ್ ಮಾಡಿ ಕೇಳಿದರೆ, ಯಾರೋ ತಿಳಿದವರು ಹೇಳಿದರು ಅಂತ ಎಲ್ಲರದ್ದೂ ಒಂದೇ ಉತ್ತರ.

ಮ್ಯಾನೇಜರ್ ನನ್ನನ್ನು ಒಳಗೆ ಕರೆದು, ನಿಮ್ಮ ಮನೆಯವರು ಎದುರುಗಡೆ ಅಲ್ವಾ ಇರೋದು ಅಂತ ಬಹಳ ಮೆತ್ತಗೆ ಕೇಳಿದರು. ಅವರು ಮೆತ್ತಗೆ ಮಾತಾಡಿದರೆ ಯಾರದ್ದೋ ಕೆಲಸಕ್ಕೆ ಸಂಚಕಾರ ಬಂತು ಅಂತಲೇ ಅರ್ಥ. ಈ ತಿಂಗಳ ಒಳಗೆ ಸೋರಿಕೆ ನಿಲ್ಲದಿದ್ದರೆ ನೀವು ಮನೆಯಲ್ಲೇ ಆರಾಮಾಗಿರಬಹುದು ಅಂದರು. ಈ ಕೆಲಸ ನನಗೆ ಬೇಕು. ಸಂಬಳಕ್ಕೆ ಮಾತ್ರ ಅಲ್ಲ. ಕೀಲಿಕೈ ಹಿಡಿದು ಗಿರಾಕಿಯ ಪಕ್ಕ ಕೂತಾಗ ನಾನೂ ಒಂದು ಜನ ಅನ್ನಿಸುತ್ತೆ. ಮನೆಯಲ್ಲಿ ಹಾಲು ಮೂಸಿಸಿಕೊಳ್ಳೋ ಸೊಸೆಗೆ ಅದು ಸಣ್ಣ ವಿಷಯವಲ್ಲ.

ನನ್ನ ಅನುಮಾನ ನೇರ ಗಂಡನ ಮೇಲೆ ಹೋಯಿತು. ಇನ್ಯಾರ ಮೇಲೆ ಹೋಗಬೇಕು? ನನ್ನ ಫೋನಿನಲ್ಲಿ ಗಿರಾಕಿಗಳ ನಂಬರ್ ಇರುತ್ತೆ, ಫೋನ್ ಮಂಚದ ಪಕ್ಕ ಚಾರ್ಜಿಗೆ ಬಿದ್ದಿರುತ್ತೆ. ಒಂದು ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ಅವರ ಫೋನ್ ತೆಗೆದು ಜಾಲಾಡಿದೆ. ತಲೆ ಒರೆಸಿಕೊಳ್ಳುತ್ತಾ ಬಂದವರು ಬಾಗಿಲಲ್ಲೇ ನಿಂತು ನೋಡಿದರು. ಬೈಯಲಿಲ್ಲ. ಮೊನ್ನೆ ನಾನೂ ನಿನ್ನ ಬ್ಯಾಗ್ ನೋಡಿದೆ, ನಮ್ಮ ಗಿರಾಕಿಗಳೂ ನಿಮ್ಮ ಕಡೆ ಬರ್ತಿದ್ದಾರೆ, ನನ್ನ ಕೆಲಸವೂ ತೂಗುಯ್ಯಾಲೆಯಲ್ಲಿದೆ ಅಂದರು. ಇಬ್ಬರೂ ಸಮಸಮ ಆದ್ವಲ್ಲ ಅಂತ ನಕ್ಕುಬಿಡಬಹುದಿತ್ತು. ನಗು ಬರಲಿಲ್ಲ. ಅವತ್ತಿನಿಂದ ಅವರ ಹಾಸಿಗೆ ನಡುಮನೆಗೆ ಬಂತು, ಮಾತುಕತೆ ಉಪ್ಪು ಕೊಡಿ, ಸೋಪು ಮುಗಿದಿದೆ ಅನ್ನೋದಕ್ಕೆ ಇಳಿಯಿತು.

ಒಂದು ಮಧ್ಯಾಹ್ನ ಮ್ಯಾನೇಜರ್ ಮತ್ತೆ ಕರೆದು ಕ್ಯಾಮೆರಾದ ವಿಡಿಯೋ ತೋರಿಸಿದರು. ನಮ್ಮ ಶೋರೂಮಿನ ಮುಂದೆ ಚಾರ್ಜಿಂಗ್ ಸ್ಟೇಷನ್ ಇದೆ. ಕಾರು ಚಾರ್ಜಿಗೆ ಹಾಕಿದವರು ಒಳಗೆ ಬಂದು, ದೊಡ್ಡ ಕಂಬದ ಹಿಂದಿನ ಬೆಂಚಿನಲ್ಲಿ ಕೂತು ಕಾಯ್ತಾರೆ. ಎಷ್ಟು ಹೊತ್ತು ಕೂತರೂ ಯಾರೂ ಯಾಕೆ ಅಂತ ಕೇಳಲ್ಲ. ಆ ಬೆಂಚಿನಲ್ಲಿ ಟೋಪಿ ಹಾಕಿದ ಒಬ್ಬ ಮುದುಕ, ಮುಖದ ಮುಂದೆ ಪೇಪರ್. ನನ್ನ ಗಿರಾಕಿ ಎದ್ದು ಹೊರಟ ಕೂಡಲೇ ಪೇಪರ್ ಮಡಚಿ ಅವನೂ ಎದ್ದು ಹಿಂದೆ ಹೋಗ್ತಾನೆ. ಇನ್ನೊಂದು ದಿನದ ವಿಡಿಯೋದಲ್ಲೂ ಅವನೇ, ಮತ್ತೊಂದು ದಿನದ್ದರಲ್ಲೂ ಅವನೇ. ನಮ್ಮ ರಿಸೆಪ್ಷನಿಸ್ಟ್ ಒಂದು ಸಲ ಕೇಳಿದ್ದಳಂತೆ, ಕಾರು ಚಾರ್ಜ್ ಆಗ್ತಿದೆ ಅಂದನಂತೆ. ನಮ್ಮಂಥ ಅಂಗಡಿಯಲ್ಲಿ ಆ ಒಂದು ಮಾತು ಹೇಳಿದರೆ ಸಂಜೆವರೆಗೆ ಕೂರಬಹುದು.

ಎದುರಿನವರು ಸಂಬಳ ಕೊಟ್ಟು ಇಟ್ಟ ಗೂಢಚಾರ ಇವನು ಅಂತ ಮ್ಯಾನೇಜರ್ ಮೇಜು ಕುಟ್ಟಿದರು. ಅಷ್ಟರಲ್ಲಿ ವಿಡಿಯೋದ ಮುದುಕ ಮಷೀನಿನಿಂದ ಟೀ ಹಿಡಿದುಕೊಂಡು ಬಂದ. ಕೂತ. ಕಪ್ಪನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದ.

ಆ ಮೂಗು ನನಗೆ ಗೊತ್ತು. ಗಿರಾಕಿ ಮುಂದೆ ಕೂತರೆ ನನಗೆ ಅವರ ಮುಖ ಬಿಟ್ಟು ಲೋಕ ಕಾಣಲ್ಲ ನಿಜ, ಆದರೆ ಇಷ್ಟು ದಿನ ಬೆನ್ನ ಹಿಂದೆ ಮಾವ ಕೂತಿದ್ದರೆ ಗೊತ್ತಾಗಲ್ವಾ? ನಾನೆಂಥ ದಡ್ಡಿ. ಇವನು ಗೊತ್ತಾ ನಿಮಗೆ ಅಂತ ಮ್ಯಾನೇಜರ್ ಕೇಳಿದರು. ಗೊತ್ತಿಲ್ಲ ಸಾರ್ ಅಂದೆ. ನಾಳೆ ಬರಲಿ, ಕೈಯಾರೆ ಹಿಡೀತೀನಿ, ನೀವು ನನ್ನ ಪಕ್ಕದಲ್ಲೇ ನಿಂತಿರಿ, ಯಾರ ಕಡೆಯವನು ಅನ್ನೋದು ಅಲ್ಲೇ ಬಯಲಾಗುತ್ತೆ ಅಂದರು. ಹಾಗೆ ಹೇಳುವಾಗ ಅವರು ನೋಡ್ತಿದ್ದದ್ದು ವಿಡಿಯೋ ಅಲ್ಲ, ನನ್ನ ಮುಖ.

ಸಂಜೆ ಮನೆಗೆ ಬಂದರೆ ಮಾವ ಸ್ಟೂಲಿನ ಮೇಲೆ ನಿಂತು ಅಡುಗೆಮನೆಯ ಸ್ವಿಚ್ ಬಿಚ್ಚುತ್ತಿದ್ದರು. ಚಪ್ಪಲಿ ಬಿಡೋ ಮೊದಲೇ ಕೇಳಿದೆ. ಅವರು ಮುಚ್ಚಿಡಲಿಲ್ಲ.

"ಬಂದಿದ್ದೆ. ನಿನ್ನ ಶೋರೂಮಿಗೂ ಬಂದಿದ್ದೆ, ಅವನದ್ದಕ್ಕೂ ಹೋಗಿದ್ದೆ. ಅಲ್ಲಿ ಕಾರು ಸರ್ವೀಸಿಗೆ ಬಿಟ್ಟಿದ್ದೀನಿ ಅಂತ ಹೇಳಿ ಕೂತೆ, ನನ್ನ ಮಗನ ಕಣ್ಣಿಗೆ ಬೀಳದ ಹಾಗೆ."

"ಯಾಕೆ ಮಾವ? ನಮಗೆ ಯಾಕೆ ಹೀಗೆ ಮಾಡಿದ್ರಿ?"

"ಅವನ ಕಾರು ಮೋಸ ಅಂತ ನೀನು, ನಿನ್ನ ಕಾರು ಮೋಸ ಅಂತ ಅವನು. ಅಂದಮೇಲೆ ಒಬ್ಬರಾದರೂ ಸುಳ್ಳು ಹೇಳಿ ಈ ಮನೆಗೆ ಅನ್ನ ತರ್ತಿದ್ದೀರಿ. ಯಾರು ಅಂತ ನೋಡಬೇಕಲ್ಲ. ನೋಡಿದೆ. ಇಬ್ಬರೂ."

ಸ್ಟೂಲಿನಿಂದ ಇಳಿದು ಸ್ಕ್ರೂಡ್ರೈವರ್ ಒರೆಸಿಕೊಳ್ಳುತ್ತಾ ಒಂದೊಂದಾಗಿ ಹೇಳಿದರು. ನಾನು ಒಬ್ಬ ಟೀಚರಮ್ಮನಿಗೆ, ಫೋನ್ ಥರ ಮೇಡಂ, ಎಲ್ಲಿ ಬೇಕಾದರೂ ಚಾರ್ಜ್ ಮಾಡಬಹುದು ಅಂದೆನಂತೆ. ಅಂದಿದ್ದೆ. ಆಯಮ್ಮ ಇರೋದು ನಾಲ್ಕನೇ ಮಹಡಿ, ಆ ಬಿಲ್ಡಿಂಗಿನ ಪಾರ್ಕಿಂಗಿನಲ್ಲಿ ಒಂದೇ ಒಂದು ಸಾಕೆಟ್ ಇಲ್ಲ, ಮೀಟರ್ ಓದಿದವನು ನಾನು, ಬಾವಿಗೆ ಹಗ್ಗ ಬಿಟ್ಟ ಹಾಗೆ ಕಿಟಕಿಯಿಂದ ವೈರು ಬಿಡ್ತಾಳಾ ಅಂತ ಕೇಳಿದರು. ಮಗನೂ ಕಡಿಮೆ ಇಲ್ಲವಂತೆ. ಸ್ವಂತ ಮನೆ, ಸ್ವಂತ ಶೆಡ್ಡು, ಮಾರ್ಕೆಟ್ಟಿಗೆ ಹೋಗಿಬಂದರೆ ಅವತ್ತಿನ ಓಡಾಟ ಮುಗೀತು ಅನ್ನೋ ಯಜಮಾನರಿಗೆ ಎರಡೆರಡು ಎಂಜಿನ್ ಕಟ್ಟಿದ. ಇನ್ನೊಬ್ಬ ಸೋಮಾರಿ, ಪ್ಲಗ್ ಹಾಕಲೇಬೇಕಾ ಅಂತ ಆರಂಭದಲ್ಲೇ ಕೇಳಿದ. ಹಾಕದಿದ್ದರೂ ನಡೆಯುತ್ತೆ ಸಾರ್ ಅಂತ ಹೇಳಿ ಅವನನ್ನೂ ಖೆಡ್ಡಾಕ್ಕೆ ಕೆಡವಿದ. ಹೀಗೆ ಹೊರಟವರನ್ನು ಮಾವ ಬಾಗಿಲ ಹೊರಗೆ ನಿಲ್ಲಿಸಿ, ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಕಳಿಸಿದ್ದಾರೆ. ಒಬ್ಬರಿಗಂತೂ ಎರಡೂ ಕಡೆಯ ಕುಂದು ಹೇಳಿ ಎಷ್ಟು ಹೆದರಿಸಿದ್ದಾರೆ ಅಂದರೆ ಅವರು ಕಾರಿನ ಸಹವಾಸವೇ ಬೇಡ ಅಂತ ಸೈಕಲ್ ತಗೊಂಡರಂತೆ.

ನನಗೆ ತಡೆಯಲಿಲ್ಲ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಮನೆಯಲ್ಲಿ ಅನುಮಾನ ಪಟ್ಟದ್ದು ಸಾಲದು ಅಂತ ಅಲ್ಲಿಗೂ ಬಂದ್ರಾ, ಮಾರೋರು ಯಾರು ನಿಜ ಹೇಳಿ ಮಾರಿದ್ದಾರೆ, ನಿಮ್ಮಿಂದ ನಾವು ಗಂಡ ಹೆಂಡತಿ ಮುಖ ನೋಡಿ ಮಾತಾಡದ ಹಾಗೆ ಆಯ್ತು ಅಂತ ಅತ್ತುಬಿಟ್ಟೆ. ಆಗಲೇ ವಿಷಯ ಬಿಡಿಸಿ ಹೇಳಬೇಕಿತ್ತು. ಕ್ಯಾಮೆರಾದಲ್ಲಿ ಸಿಕ್ಕಿದ್ದೀರಿ, ನನ್ನ ಕೆಲಸ ಹೋಗುತ್ತೆ ಅನ್ನಬೇಕಿತ್ತು. ಅಲ್ಲಿ ನನ್ನನ್ನೇ ಕಳ್ಳಿ ಅಂದುಕೊಂಡಿದ್ದಾರೆ ಅಂತ ಈ ಮನುಷ್ಯನ ಎದುರು ಒಪ್ಪಿಕೊಳ್ಳೋಕೆ ನನ್ನ ಸೊಕ್ಕು ಬಿಡಲಿಲ್ಲ. ನಾಳೆ ಶೋರೂಮಿನ ಕಡೆ ಬರಬೇಡಿ ಅಂದೆ ಅಷ್ಟೇ. ನಾಳೆ ಏನಿದೆ ಅಂತ ಕಣ್ಣು ಕಿರಿದು ಮಾಡಿದರು. ಏನೂ ಇಲ್ಲ, ಬರಬೇಡಿ ಅಂದೆ.

ಜೀವಮಾನವೆಲ್ಲ ಬರಬೇಡಿ ಅಂದ ಮನೆಗೇ ಹೋದ ಮನುಷ್ಯನಿಗೆ ನಾನು ಹೇಳಿದ ಮಾತು ಇದು.

ಬಂದರು. ಅದೇ ಟೋಪಿ, ಅದೇ ಪೇಪರ್, ಅದೇ ಬೆಂಚು. ಮ್ಯಾನೇಜರ್ ಗಾರ್ಡನ್ನು ಕರೆದುಕೊಂಡು ಹೋಗಿ ಎದುರಿಗೆ ನಿಂತರು, ನನ್ನನ್ನೂ ಪಕ್ಕಕ್ಕೆ ಕರೆದರು. ನಿಮ್ಮ ಕಾರು ಯಾವುದು ತೋರಿಸಿ ಅಂದರು. ಹೊರಗೆ ಚಾರ್ಜಿಗೆ ಬಿದ್ದ ಕಾರುಗಳನ್ನು ಮಾವ ಒಂದು ಸಲ ನೋಡಿದರು. ಹುಟ್ಟಿದಾರಭ್ಯ ಕಾರು ಇಲ್ಲದವರು ಯಾವುದನ್ನು ತೋರಿಸಬೇಕು? ಇದರಲ್ಲಿ ನನ್ನದು ಯಾವುದೂ ಇಲ್ಲ ಅಂದರು. ಅಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಮ್ಯಾನೇಜರ್ ನನ್ನ ಕಡೆ ಬೆರಳು ತೋರಿಸಿದರು.

"ಇವರು ಗೊತ್ತಾ ನಿನಗೆ? ನಿಜ ಹೇಳು."

ಮಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನನ್ನ ಕೈಯಲ್ಲಿ ಬಣ್ಣಗಳ ಕಾರ್ಡು ಇತ್ತು. ಇವರು ನಮ್ಮ ಮಾವ ಅಂತ ಹೇಳೋದಕ್ಕೆ ಎಷ್ಟು ಹೊತ್ತು ಬೇಕು? ನನ್ನ ನಾಲಿಗೆ ಏಳಲಿಲ್ಲ. ಅವರು ನನ್ನ ಮುಖದಲ್ಲಿ ಅದನ್ನು ಓದಿಕೊಂಡರು ಅಂತ ಕಾಣುತ್ತೆ.

"ಈ ಮೇಡಮ್ಮಾ? ಯಾವ ಬಣ್ಣ ನೋಡ್ತೀರಿ ಅಂತ ಒಂದು ಸಲ ಕೇಳಿದ್ರು. ಅಷ್ಟೇ ಪರಿಚಯ. ನನ್ನ ಕಳಿಸಿದ್ದು ಎದುರಿನವರು."

ಮನೆಯಲ್ಲಿ ಯಾವತ್ತೂ ನೀನು, ಬಾ, ಹೋಗು ಅನ್ನೋ ಮಾವ ನನಗೆ ಮೇಡಂ ಅಂದರು. ಉಪ್ಪು ಹೆಚ್ಚಾಗಿದೆ ಅಂತ ಸಂಕೋಚವಿಲ್ಲದೆ ಮುಖಕ್ಕೇ ಹೇಳೋ ಮನುಷ್ಯ, ಒಬ್ಬರ ಮನಸ್ಸು ನೋಯದಿರಲಿ ಅಂತಲೂ ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಗಾರ್ಡ್ ಅವರ ಭುಜ ಹಿಡಿದು ಹೊರಗೆ ನಡೆಸಿಕೊಂಡು ಹೋದ. ಮೆಟ್ಟಿಲ ಹತ್ತಿರ ಮುಗ್ಗರಿಸಿ ಟೋಪಿ ಬಿತ್ತು. ಅವರೇ ಬಗ್ಗಿ ಎತ್ತಿಕೊಂಡು, ಧೂಳು ಕೊಡವಿ, ತಲೆಗೆ ಹಾಕಿಕೊಂಡು ಹೋದರು. ನಾನು ಗಾಜಿನ ಒಳಗೆ ನಿಂತು ನೋಡಿದೆ.

ಮ್ಯಾನೇಜರ್ ಖುಷಿಗೆ ಮಿತಿ ಇರಲಿಲ್ಲ. ನಿಮ್ಮ ಮೇಲೆ ಸುಮ್ಮನೆ ಅನುಮಾನಪಟ್ಟೆ ಅಂತ ನನಗೆ ಹೇಳಿ, ರಸ್ತೆ ದಾಟಿ ಎದುರಿನ ಮ್ಯಾನೇಜರ್ ಮೇಲೆ ಏರಿಹೋದರು. ಆತ, ಆ ಮುದುಕ ನಮ್ಮಲ್ಲೂ ಬಂದು ಕೂರ್ತಿದ್ದ, ನಿಮ್ಮವನೇ ಅಂತ ಆಣೆ ಹಾಕಿದ. ಆತ ಹೇಳಿದ್ದು ಮುಕ್ಕಾಲು ನಿಜ, ಇವರು ಅದರಲ್ಲಿ ಒಂದಕ್ಷರ ನಂಬಲಿಲ್ಲ. ಇಬ್ಬರೂ ಟೈ ಕಟ್ಟಿಕೊಂಡು ರಸ್ತೆ ಮಧ್ಯೆ ಕೂಗಾಡ್ತಿದ್ದರೆ ಬಸ್ಸುಗಳು ಹಾರ್ನ್ ಹೊಡೀತಾ ನಿಂತಿದ್ದವು. ಇಬ್ಬರಿಗೂ ಎದುರಿನ ಕಂಪನಿಯ ಮೇಲೇ ಅನುಮಾನ ಗಟ್ಟಿಯಾಯಿತು. ಅಂತೂ ನನ್ನ ಕೆಲಸ ಉಳಿಯಿತು, ಗಂಡನ ಕೆಲಸವೂ ಉಳಿಯಿತು.

ಮನೆಗೆ ನಾವಿಬ್ಬರೂ ಒಟ್ಟಿಗೆ ನಡೆದು ಬಂದೆವು. ದಾರಿಯಲ್ಲಿ ಎಲ್ಲ ಹೇಳಿದೆ. ಅವರು ನನ್ನ ಬ್ಯಾಗು ಹಿಡಿದುಕೊಂಡರು. ಮಾವ ನಡುಮನೆಯಲ್ಲಿ ಕೂತಿದ್ದರು. ಅವರ ಕಾಲಿನ ಹತ್ತಿರ ಕೂತು ಯಾಕೆ ಹಾಗಂದ್ರಿ ಮಾವ ಅಂದೆ. ಕೈಯಲ್ಲಿದ್ದ ಟೋಪಿ ತಿರುಗಿಸುತ್ತಾ ಹೇಳಿದರು.

"ನಿಮ್ಮ ಕೆಲಸ ಕಷ್ಟ ಅಂದುಕೊಂಡಿದ್ದೆ ಕಣಮ್ಮ. ಏನೂ ಕಷ್ಟ ಇಲ್ಲ. ಏನು ನಂಬಬೇಕು ಅಂತ ಕೇಳೋರು ಮೊದಲೇ ತೀರ್ಮಾನ ಮಾಡಿಕೊಂಡು ಕಾಯ್ತಿರ್ತಾರೆ. ಅದನ್ನೇ ಹೇಳಿದರೆ ಆಯ್ತು."

ಕೋಪದಿಂದ ಹೇಳಿದ್ದರೆ ನಾನೂ ಜಗಳ ಆಡ್ತಿದ್ದೆ. ಅವರು ದಣಿದು ಹೇಳಿದರು. ನನಗೆ ನಾಚಿಕೆಯಾಯಿತು, ಅವರ ಮೇಲೆ ಸಿಟ್ಟೂ ಬಂತು, ಎರಡೂ ಒಟ್ಟಿಗೆ ಬಂತು. ಹಾಲು ತಂದುಕೊಟ್ಟೆ. ಲೋಟ ತಗೊಂಡು ಹಾಗೇ ಗಟಗಟ ಕುಡಿದರು.

ಅದು ಅವತ್ತಿಗೆ ಮುಗಿಯಲಿಲ್ಲ. ಬೀಗ ಹಾಕಿದೆ ಅಂದರೆ ಸರಿ ಅಂತಿದ್ದರು, ಎದ್ದು ಜಗ್ಗಿ ನೋಡ್ತಿರಲಿಲ್ಲ. ತರಕಾರಿಯವನು ತೂಗಿದ್ದೇ ತೂಕ. ತಕ್ಕಡಿಯ ಮುಳ್ಳು ನೋಡದೆ ಚೀಲ ಹಿಡಿದ ಮಾವನನ್ನು ಕಂಡು ಅವನೇ ಗಾಬರಿಯಾಗಿ, ಯಜಮಾನರಿಗೆ ಹುಷಾರಿಲ್ವಾ ಅಂತ ಕೇಳಿದ. ಹೊರಗೆ ಹೋಗೋದೂ ನಿಂತಿತು. ಬೇರೆಯವರನ್ನು ಅನುಮಾನಿಸೋ ಹಕ್ಕು ತನಗೆ ಹೋಯಿತು ಅಂದುಕೊಂಡ ಹಾಗಿತ್ತು. ಇಷ್ಟು ವರ್ಷ ಮೂಸಬೇಡಿ ಅಂತ ಒಳಗೊಳಗೇ ಕುದಿದವಳು ನಾನು, ಈಗ ಲೋಟ ಕೊಟ್ಟು ಅವರ ಮೂಗನ್ನೇ ನೋಡ್ತಾ ನಿಲ್ತಿದ್ದೆ.

ಹೋದ ವಾರ ಒಬ್ಬ ನರ್ಸ್ ಬಂದಳು. ಬಿಳಿ ಬಣ್ಣದ್ದೇ ಬೇಕು ಅಂತ ಗಟ್ಟಿ ಮಾಡಿಕೊಂಡು ಬಂದಿದ್ದಳು, ಇನ್ನೇನು ಮುಗಿದ ಹಾಗೇ. ಎಲ್ಲಿ ಬೇಕಾದರೂ ಚಾರ್ಜ್ ಅಂತ ಬಾಯಿ ತೆರೆದೆ. ತಿರುಗಿ ನೋಡಿದೆ. ಕಂಬದ ಹಿಂದಿನ ಬೆಂಚು ಖಾಲಿ ಇತ್ತು. ನಿಮ್ಮ ಮನೆ ಎಷ್ಟನೇ ಮಹಡಿ ಅಂತ ಕೇಳಿದೆ. ಮೇಲಿನ ಮಹಡಿ, ಬಾಡಿಗೆ ಮನೆ, ಕಾರು ನಿಲ್ಲಿಸೋದು ರಸ್ತೆಯಲ್ಲಿ. ಹಾಗಾದರೆ ಇದು ನಿಮಗೆ ದಿನಾ ತಲೆನೋವು ಮೇಡಂ, ಎದುರುಗಡೆ ಒಂದು ಸಲ ನೋಡಿಕೊಂಡು ಬನ್ನಿ ಅಂದೆ. ಅವಳು ರಸ್ತೆ ದಾಟೋದನ್ನು ಮ್ಯಾನೇಜರ್ ತಮ್ಮ ಗಾಜಿನ ಕೋಣೆಯಿಂದ ನೋಡಿದರು. ಸಂಜೆ ನಾನು ಹೊರಡುವಾಗ, ನಾಳೆ ಬಂದ ತಕ್ಷಣ ನನ್ನನ್ನು ನೋಡಿ ಅಂತ ಬಹಳ ಮೆತ್ತಗೆ ಹೇಳಿದರು.

ಊಟಕ್ಕೆ ಕೂತಾಗ ಮಾವನಿಗೆ ಹೇಳಿದೆ, ಇವತ್ತು ಒಬ್ಬಳು ಗಿರಾಕಿಯನ್ನು ನಾನೇ ಎದುರಿಗೆ ಕಳಿಸಿದೆ ಅಂತ. ಅವರು ಕೈ ನಿಲ್ಲಿಸಿದರು. ಮಗನ ಕಡೆ ತಿರುಗಿ, ಬಂದಿದ್ದಳಾ ಅಂತ ಕೇಳಿದರು.

"ಬಂದಿದ್ದಳು ಅಪ್ಪ. ಕೆಲಸ ಮಾಡೋ ಕಡೆ ಪ್ಲಗ್ ಇದೆಯಾ ಅಂತ ಕೇಳಿದೆ. ಆಸ್ಪತ್ರೆ ಪಾರ್ಕಿಂಗಿನಲ್ಲಿ ಚಾರ್ಜರ್ ಇದೆಯಂತೆ, ಡ್ಯೂಟಿ ಮುಗಿಯೋದರೊಳಗೆ ಫುಲ್ ಆಗುತ್ತೆ. ನಿಮಗೆ ಅವರದ್ದೇ ಸರಿ ಅಂತ ವಾಪಸ್ ಕಳಿಸಿದೆ. ನಾಳೆ ಬರ್ತಾಳೆ ಇವಳ ಹತ್ತಿರ."

ನಾನು ಅದನ್ನು ಕೇಳಿರಲೇ ಇಲ್ಲವಲ್ಲ! ಗಂಡ ತಟ್ಟೆ ನೋಡಿಕೊಂಡು ನಗ್ತಿದ್ದರು. ಮಾವ ನನ್ನ ಮುಖ ನೋಡಿದರು, ಮಗನ ಮುಖ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ಕಣ್ಣು ನಿಧಾನಕ್ಕೆ ಕಿರಿದಾಯಿತು.

"ಇಬ್ಬರೂ ಮೊದಲೇ ಮಾತಾಡಿಕೊಂಡು ಬಂದಿದ್ದೀರಿ" ಅಂದರು. "ನಾಳೆ ನಾನೇ ಆ ಆಸ್ಪತ್ರೆಗೆ ಹೋಗಿ ಚಾರ್ಜರ್ ಇದೆಯಾ ನೋಡಿಬರ್ತೀನಿ."

ನಾನು ಎದ್ದು ಹಾಲು ತಂದುಕೊಟ್ಟೆ. ಅವರು ಲೋಟವನ್ನು ಮೂಗಿನ ಹತ್ತಿರ ಹಿಡಿದು, ಚೆನ್ನಾಗಿ ಮೂಸಿ ನೋಡಿ, ಆಮೇಲೆ ಕುಡಿದರು.